ಮೂರನೇ ಬಡಿತ

ಇದು ನಮ್ಮ ಚಿಕ್ಕಮ್ಮನ ಮಗನಿಗೆ ಆದದ್ದು. ಅವರಿವರು ಹೇಳಿದ್ದಲ್ಲ. ಅವನ ಬಾಯಿಂದಲೇ ಕೇಳಿದ್ದು. ರಾತ್ರಿ ಹೊತ್ತು ಓದುವವರು ಬಾಗಿಲು ಹಾಕಿದೆಯಾ ಅಂತ ಒಮ್ಮೆ ನೋಡಿ ಬನ್ನಿ. ಆಮೇಲೆ ಏಳೋಕೆ ಮನಸ್ಸಾಗಲ್ಲ.

ಅವನದು ಬೀಗದ ಕೆಲಸ. ಬಸ್ ನಿಲ್ದಾಣದ ಪಕ್ಕ ಒಂದು ಗೂಡಂಗಡಿ. ಕಳೆದುಹೋದ ಕೀಲಿಗೆ ಬೇರೆ ಕೀಲಿ ಉಜ್ಜಿ ಕೊಡುತ್ತಾನೆ. ಹಿಡಿದುಕೊಂಡ ಬೀಗ ಬಿಡಿಸುತ್ತಾನೆ. ಬೀದಿಯವರು ಅವನನ್ನು ಬೀಗದಣ್ಣ ಅಂತಾರೆ.

ಅವತ್ತು ಒಂದು ಹೋಟೆಲಿನವರ ಕಬ್ಬಿಣದ ಬೀರು ಬಾಯಿ ಬಿಡಲಿಲ್ಲ. ಅದನ್ನು ಬಿಡಿಸಿ, ಸಾಮಾನು ಚೀಲಕ್ಕೆ ಹಾಕಿಕೊಂಡು ಹೊರಟಾಗ ಹನ್ನೆರಡೂವರೆ. ನಡೆದೇ ಬಂದ.

ಅವನ ಬೀದಿಯ ಕೊನೇ ಕಡೆ, ಅವನ ಮನೆಗೆ ಎದುರಾಗಿ ಒಂದು ಹಳೇ ಬಾವಿ ಇದೆ. ಈಗ ಯಾರೂ ನೀರು ಸೇದುವುದಿಲ್ಲ. ಮೇಲೆ ಕಬ್ಬಿಣದ ಜಾಲರಿ ಮುಚ್ಚಿದ್ದಾರೆ. ಗಾಳಿ ಬೀಸಿದರೆ ಜಾಲರಿ ಕಿರ್ರ್… ಅನ್ನುತ್ತೆ.

ಅವತ್ತು ಗಾಳಿ ಇರಲಿಲ್ಲ.

ಜಾಲರಿ ಕಿರ್ರ್… ಅಂದಿತು.

ಅವನು ನಿಂತ. ಬಾವಿಕಟ್ಟೆ ಮೇಲೆ ಯಾರೋ ಕೂತಿದ್ದರು. ಬೆನ್ನು ಇವನ ಕಡೆ. ಬೀಡಿ ಸೇದುತ್ತಿಲ್ಲ. ಕೆಮ್ಮುತ್ತಿಲ್ಲ. ಸುಮ್ಮನೆ ಕೂತಿದ್ದರು.

ಆಮೇಲೆ ಅವನ ಮನೆಯೊಳಗಿಂದ ಸದ್ದು ಬಂತು.

ಟಕ್… ಟಕ್.

ಸೌಟಿನ ತುದಿಯಿಂದ ಗೋಡೆಗೆ ಬಡಿದ ಸದ್ದು. ಎರಡೇ ಸಲ.

ಮನೆಗೆ ಬೀಗ ಹಾಕಿತ್ತು. ಕೀಲಿ ಅವನ ಕೈಯಲ್ಲೇ ಇತ್ತು. ಒಳಗೆ ಯಾರೂ ಇರಲಿಲ್ಲ. ಅವನ ಹೆಂಡತಿ ತೀರಿಕೊಂಡು ಐದು ತಿಂಗಳಾಗಿತ್ತು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಇಲ್ಲದಿದ್ದರೆ ಆ ಎರಡು ಬಡಿತದ ಭಾರ ಗೊತ್ತಾಗಲ್ಲ.

ಆ ಬೀದಿಯಲ್ಲಿ ಹನ್ನೊಂದು ಮನೆ. ಒಂದೇ ಸಾಲು. ಒಂದು ಮನೆಯ ಗೋಡೆಯೇ ಪಕ್ಕದ ಮನೆಗೂ ಗೋಡೆ. ಒಬ್ಬರು ಸೀನಿದರೆ ಇನ್ನೊಬ್ಬರ ಮನೆಯ ಪಾತ್ರೆ ಅಲ್ಲಾಡುತ್ತೆ. ಒಂದು ವರ್ಷ ಆ ಕಡೆ ಕಳ್ಳತನ ಜಾಸ್ತಿಯಾಯಿತು. ಠಾಣೆಯಿಂದ ಒಬ್ಬ ಪೇದೆ ಬಂದು ಎಲ್ಲರನ್ನೂ ಕೂರಿಸಿಕೊಂಡು ಹೇಳಿದ.

"ಹಿಡಿಯೋದು ನಮ್ಮ ಕೆಲಸ. ನೋಡೋದು, ಹೇಳೋದು ನಿಮ್ಮ ಕೆಲಸ. ನಾಲ್ಕೇ ವಿಷಯ ನೋಡಿ ಸಾಕು. ಎತ್ತರ, ಬಟ್ಟೆ, ನಡಿಗೆ, ಹೋದ ದಿಕ್ಕು. ಹತ್ತು ಸಲ ಸುಳ್ಳಾಗ್ಲಿ, ಪರವಾಗಿಲ್ಲ. ಹನ್ನೊಂದನೇ ಸಲಾನೂ ಹೇಳಿ."

ಮೊದಲನೇ ಮನೆಯ ಕಂಡಕ್ಟರ್ ಮಾವ ಮೂವತ್ತು ವರ್ಷ ಬಸ್ಸಿನಲ್ಲಿ ಸೀಟಿ ಊದಿದವರು. ಕಾನೂನು ಅವರೇ ಮಾಡಿದರು. ರಾತ್ರಿ ಹನ್ನೊಂದಕ್ಕೆ ಅವರು ತಮ್ಮ ಅಡುಗೆಮನೆ ಗೋಡೆಗೆ ಮೂರು ಸಲ ಬಡಿಯಬೇಕು. ಅದನ್ನು ಕೇಳಿ ಎರಡನೇ ಮನೆಯವರು ಮುಂದಿನ ಗೋಡೆಗೆ ಮೂರು. ಹೀಗೆ ಕೊನೇ ಮನೆವರೆಗೆ. ಕೊನೇ ಮನೆಯಲ್ಲಿ ಟೀಚರಮ್ಮ. ಒಬ್ಬರೇ ಇರುವವರು. ನಿವೃತ್ತಿ ದಿನ ಶಾಲೆಯವರು ಕೊಟ್ಟ ಕೈಗಂಟೆ ಅವರ ಹತ್ತಿರ ಇತ್ತು. ಮೂರು ಬಡಿತ ಬಂದರೆ ಅವರು ಒಂದು ಸಲ ಠಣ್ ಅನ್ನಿಸಬೇಕು. ಆಮೇಲೆ ಎಲ್ಲರೂ ಮಲಗಬಹುದು.

"ಮೂರು ಅಂದ್ರೆ ಎಲ್ಲಾ ಸರಿ, ಹೋಗಲಿ ಗಾಡಿ. ಎರಡು ಅಂದ್ರೆ ನಿಲ್ಲಿಸು. ಎರಡನ್ನ ಎರಡೂ ಕಡೆ ಗೋಡೆಗೆ ಬಡೀಬೇಕು, ಕೂಗಾಡಬಾರದು. ನಾನು ಠಾಣೆಗೆ ಫೋನ್ ಮಾಡ್ತೀನಿ. ನೀವು ಟಾರ್ಚು ಹಿಡಿದು ಹೊರಗೆ ಬನ್ನಿ," ಅಂದರು ಮಾವ.

"ಚಿಲ್ಲರೆ ಕೇಳಬಾರದಾ ಮಾವ?" ಅಂದ ಒಂಬತ್ತನೇ ಮನೆಯ ಟೈಲರ್.

"ನಿನಗೆ ಟಿಕೆಟ್ಟೇ ಇಲ್ಲ, ಕೂತ್ಕೋ."

ಬೀಗದಣ್ಣನದು ಹತ್ತನೇ ಮನೆ. ಈ ಕಡೆ ಟೈಲರ್. ಆ ಕಡೆ ಟೀಚರಮ್ಮ. ಅಡುಗೆಮನೆ ಕಿಟಕಿ ತೆಗೆದರೆ ಎದುರಿಗೆ ಬಾವಿ.

ಆ ಕಿಟಕಿ ಅವನ ಹೆಂಡತಿಯದು. ಕೆಲಸ ಮುಗಿಸಿ ಅಲ್ಲೇ ನಿಲ್ಲುವಳು. ಎಡಚಿ. ಕಬ್ಬಿಣದ ಸೌಟು ಎಡಗೈಯಲ್ಲಿ ಹಿಡಿದು ಬಡಿಯುವಳು. ಬಡಿದ ಮೇಲೆ ಒಂದು ಸಣ್ಣ ಕೆಮ್ಮು. ಬೀದಿಯ ಎಲ್ಲರ ಪೈಕಿ ಪೇದೆಯ ಮಾತನ್ನು ಬಾಯಿಪಾಠ ಮಾಡಿದ್ದವಳು ಅವಳೊಬ್ಬಳೇ. ಇವನು ರಾತ್ರಿ ಬಾಗಿಲು ತಳ್ಳಿಕೊಂಡು ಬಂದರೆ ಒಳಗಿಂದಲೇ ಹೇಳುವಳು.

"ಗಿಡ್ಡ. ಬೂದು ಅಂಗಿ. ಚಪ್ಪಲಿ ಎಳೆದುಕೊಂಡು ನಡೀತಾನೆ. ಅಡುಗೆಮನೆ ಕಡೆ ಬರ್ತಿದಾನೆ."

"ಹಿಡ್ಕೊಂಡು ಹೋಗು ಹಾಗಾದ್ರೆ," ಅನ್ನುವನು ಇವನು.

"ಹಿಡಿಯೋದು ನಮ್ಮ ಕೆಲಸ ಅಲ್ವಂತೆ ರೀ. ಊಟ ಹಾಕೋದಷ್ಟೇ."

ಬೀದಿ ಅವಳಿಗೆ ಪೊಲೀಸಕ್ಕ ಅಂತ ಹೆಸರಿಟ್ಟಿತು. ಒಂದೇ ತಿಂಗಳಲ್ಲಿ ಮೂರು ಸಲ ಎರಡು ಬಡಿದಳು. ಮೊದಲನೇ ಸಲ ಒಂದು ಕರು. ಎರಡನೇ ಸಲ ಟ್ಯಾಂಕಿನ ನೀರು ಬಿಡೋಕೆ ಬಂದವನು. ಮೂರನೇ ಸಲ ಟೈಲರನ ಭಾವಮೈದ. ಕುಡಿದು ಮನೆ ಗುರುತು ಸಿಗದೆ ಗೋಡೆ ತಡವುತ್ತಿದ್ದ. ಹನ್ನೊಂದು ಟಾರ್ಚು ಒಂದೇ ಸಲ ಅವನ ಮುಖಕ್ಕೆ ಬಿತ್ತು. ಟೈಲರನಿಗೆ ತಲೆ ತಗ್ಗಿಸುವ ಹಾಗಾಯಿತು.

ಮಾರನೇ ವಾರ ಅವನು ಅಂಗಡಿ ಮುಂದೆ ಹಾದುಹೋಗುವಾಗ ನಾಲ್ಕು ಜನರ ಎದುರಿಗೆ ಅಂದ.

"ಬೀಗದಣ್ಣ, ಪೊಲೀಸಕ್ಕ ಇವತ್ತು ಯಾರನ್ನ ಹಿಡೀತಾರೆ? ಹೇಳಿಬಿಡಿ. ನಾನು ಪ್ಯಾಂಟ್ ಹಾಕ್ಕೊಂಡೇ ಮಲಗ್ತೀನಿ."

ಎಲ್ಲರೂ ನಕ್ಕರು. ಬೀಗದಣ್ಣನೂ ನಕ್ಕ. ಕೈಯಲ್ಲಿದ್ದ ಕೀಲಿಯನ್ನು ಬೇಕಾದ್ದಕ್ಕಿಂತ ಜಾಸ್ತಿ ಉಜ್ಜಿ ಕೆಡಿಸಿಬಿಟ್ಟ.

ಅವತ್ತೇ ರಾತ್ರಿ ಅವಳಿಗೆ ಜ್ವರ. ಕಿಟಕಿ ಕೆಳಗೇ ಚಾಪೆ ಹಾಕಿಕೊಂಡು ಮಲಗಿದ್ದಳು. ಹನ್ನೊಂದಕ್ಕೆ ಟೈಲರನ ಗೋಡೆಯಿಂದ ಮೂರು ಬಂತು. ಅವಳು ಕೈ ಊರಿ ಎದ್ದು ಕಿಟಕಿಯಲ್ಲಿ ನೋಡಿದಳು. ಸೌಟನ್ನು ಇವನ ಕೈಗೆ ಕೊಟ್ಟಳು.

"ಎರಡು ಬಡೀರಿ," ಅಂದಳು. ಪಿಸುಮಾತು. "ಬಾವಿ ಹತ್ತಿರ ಯಾರೋ ಕೂತಿದಾನೆ. ಬೀಡಿ ಸೇದ್ತಿಲ್ಲ. ಕೆಮ್ತಿಲ್ಲ. ಸುಮ್ಮನೆ ಕೂತಿದಾನೆ."

"ನಿನಗೆ ಜ್ವರ ಕಣೇ."

"ಜ್ವರ ಮೈಗೆ. ಕಣ್ಣಿಗಲ್ಲ. ಬಡೀರಿ."

ಇವನು ನೋಡಿದ. ಕತ್ತಲು. ಬಾವಿಕಟ್ಟೆ ಮೇಲೆ ಏನೋ ಕಪ್ಪಗೆ ಇತ್ತು. ಇತ್ತು ಅಂದರೆ ಇತ್ತು. ಇಲ್ಲ ಅಂದರೆ ಇಲ್ಲ.

ಟೀಚರಮ್ಮನ ಗೋಡೆಗೆ ಸೌಟು ಹಿಡಿದ. ಟಕ್. ಟಕ್.

ಆಗ ಟೈಲರನ ಪ್ಯಾಂಟು ನೆನಪಾಯಿತು. ಆ ನಾಲ್ಕು ಜನರ ನಗು ನೆನಪಾಯಿತು. ಕೈ ಗಾಳಿಯಲ್ಲೇ ನಿಂತಿತು. ಒಂದು ಉಸಿರು… ಇನ್ನೊಂದು ಉಸಿರು…

ಟಕ್.

ಮೂರನೇದನ್ನೂ ಬಡಿದುಬಿಟ್ಟ.

ಆ ಕಡೆಯಿಂದ ಗಂಟೆ ಕೇಳಿಸಿತು. ಠಣ್. ಬೀದಿ ಮಲಗಿತು.

ಅವಳು ಇವನ ಮುಖ ನೋಡಿದಳು. ಹೊದಿಕೆ ಎಳೆದುಕೊಂಡು ಗೋಡೆ ಕಡೆ ತಿರುಗಿ ಮಲಗಿದಳು.

ಅವತ್ತು ಕಳ್ಳ ಟೀಚರಮ್ಮನ ಹಿತ್ತಲ ಹೆಂಚು ಸರಿಸಿ ಇಳಿದ. ಎಚ್ಚರವಾಗಿ ಎದ್ದವರನ್ನು ತಳ್ಳಿದ. ಸರ ಹೋಯಿತು. ಸೊಂಟದ ಮೂಳೆ ಮುರಿಯಿತು. ಬೆಳಗಿನ ತನಕ ನೆಲದ ಮೇಲೇ ಬಿದ್ದಿದ್ದರು. ಗಂಟೆ ಒಂದು ಮೊಳ ದೂರದಲ್ಲಿತ್ತು. ಕೈಗೆ ಎಟುಕಲಿಲ್ಲ.

ಬೆಳಗ್ಗೆ ಬೀದಿ ಸೇರಿತು. ಎಲ್ಲರ ಕಣ್ಣೂ ಪೊಲೀಸಕ್ಕನ ಮೇಲೆ.

"ಕರು ಕಾಣುತ್ತೆ, ನನ್ನ ಭಾವಮೈದ ಕಾಣ್ತಾನೆ. ಕಳ್ಳ ಬಂದ ದಿನ ಮೂರು ಬಡಿದು ಮಲಗಿದ್ರಲ್ಲ ಅಕ್ಕ," ಅಂದ ಟೈಲರ್.

ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಜ್ವರ ಇತ್ತಪ್ಪ. ಕಾಣಲಿಲ್ಲ," ಅಂದಳು.

ಪೇದೆ ಕೇಳಿದಾಗಲೂ ಅದೇ ಮಾತು. ಕಂಡೆ ಅಂದರೆ ಮತ್ತೆ ಯಾಕೆ ಮೂರು ಬಡಿದೆ ಅಂತ ಕೇಳುತ್ತಿದ್ದರು. ಗಂಡನ ಹೆಸರು ಬರುತ್ತಿತ್ತು. ಬೀಗದಣ್ಣ ಅವಳ ಹಿಂದೆಯೇ ನಿಂತಿದ್ದ. ಬೇರೆಯವರ ಬೀಗ ತೆಗೆಯುವವನು. ತನ್ನ ಬಾಯಿ ತೆಗೆಯಲಿಲ್ಲ.

ಆಮೇಲೆ ಎರಡು ತಿಂಗಳು ಅವಳು ದಿನಾ ಟೀಚರಮ್ಮನಿಗೆ ಊಟ ತೆಗೆದುಕೊಂಡು ಹೋದಳು. ತಲೆ ತೊಳೆದಳು. ಹಿಡಿದು ನಡೆಸಿದಳು. ಬೀದಿಯವರು ತಪ್ಪು ತೊಳ್ಕೊಳ್ತಿದಾಳೆ ಅಂದರು. ಅವಳ ಜ್ವರ ಬಿಟ್ಟಿತು, ಮತ್ತೆ ಬಂತು. ಈ ಸಲ ಬಿಡಲಿಲ್ಲ.

ತಪ್ಪಾಯ್ತು ಅಂತ ಇವನು ಅವಳಿಗೆ ಹೇಳಬೇಕು ಅಂದುಕೊಂಡಿದ್ದ. ಇವತ್ತು ಹೇಳೋಣ, ನಾಳೆ ಹೇಳೋಣ. ಹೆಂಡತಿ ಎಲ್ಲಿ ಹೋಗ್ತಾಳೆ ಅಂತ ಗಂಡಸು ಅಂದುಕೊಂಡಿರುತ್ತಾನೆ.

ಹೋದಳು.

ಮನೆ ಹಾಗೇ ಇದ್ದರೆ ನಿನಗೆ ಕಷ್ಟ ಅಂತ ಅವನ ಅಕ್ಕ ಬಂದು ಹೇಳಿದಳು. ಸುಣ್ಣದ ಗೋಡೆಗೆಲ್ಲ ಹಸಿರು ಬಣ್ಣ ಬಳಿಸಿದರು. ಅಡುಗೆಮನೆಯಲ್ಲಿ ಸೌಟು ಬಡಿದ ಜಾಗದಲ್ಲಿ ಸಣ್ಣ ಸಣ್ಣ ಗುಳಿ ಇದ್ದವು. ಅವೂ ಮುಚ್ಚಿಹೋದವು. ಈಗ ಮನೆಯಲ್ಲಿದ್ದ ದಿನ ಹನ್ನೊಂದಕ್ಕೆ ಇವನೇ ಮೂರು ಬಡಿಯುತ್ತಿದ್ದ, ಬೇರೆ ಸೌಟಿನಲ್ಲಿ. ಟೀಚರಮ್ಮ ಗಂಟೆ ಮುಟ್ಟುತ್ತಿರಲಿಲ್ಲ. ಬಿದ್ದ ದಿನದಿಂದ ಅದು ಗೂಡಿನಲ್ಲೇ ಇತ್ತು.

ಅವಳು ಹೋಗಿ ಒಂದು ತಿಂಗಳಾಗಿರಬೇಕು. ಬೆಳಗ್ಗೆ ಟೀಚರಮ್ಮ ಕೋಲೂರಿಕೊಂಡು ಬಂದು ಮೆಲ್ಲಗೆ ಕೇಳಿದರು.

"ಮಗಾ, ನಿನ್ನೆ ರಾತ್ರಿ ಒಂದು ಗಂಟೆಗೆ ಯಾಕೆ ಬಡಿದೆ?"

"ನಾನಾ? ಇಲ್ಲ ಟೀಚರಮ್ಮ."

"ಎರಡು ಬಡಿದೆ. ಮೂರನೇದಕ್ಕೆ ಕಾಯ್ತಾ ಕೂತೆ. ಬರಲೇ ಇಲ್ಲ."

"ಇಲಿ ಇರಬೇಕು."

"ಇಲಿ ಬಡಿದು ಕೆಮ್ಮುತ್ತಾ?"

ಅವನು ಚೀಲ ಹೆಗಲಿಗೆ ಹಾಕಿಕೊಂಡು ಅಂಗಡಿಗೆ ಹೊರಟುಬಿಟ್ಟ.

ಅವತ್ತು ರಾತ್ರಿ ಎಚ್ಚರವಿದ್ದ. ಒಂದು ಗಂಟೆ. ಅಡುಗೆಮನೆ ಕತ್ತಲು.

ಟಕ್… ಟಕ್.

ಸಣ್ಣ ಕೆಮ್ಮು.

ಆಮೇಲೆ ಏನೂ ಇಲ್ಲ. ಸದ್ದಿಗೆ ಅವನು ಅಷ್ಟು ಹೆದರಲಿಲ್ಲವಂತೆ. ಮೂರನೇದು ಬರಬೇಕಾದ ಜಾಗದಲ್ಲಿ ಸುಮ್ಮನಿತ್ತಲ್ಲ, ಅದಕ್ಕೆ ಹೆದರಿದ. ಆ ಮೌನದೊಳಗೆ ಯಾರೋ ಇವನ ಮುಖ ನೋಡುತ್ತಾ ಇದ್ದ ಹಾಗೆ.

ಮಾರನೇ ದಿನ ಅವಳ ಸೌಟನ್ನು ಮೊಳೆಯಿಂದ ಇಳಿಸಿದ. ಬೂದಿ ಹಾಕಿ ತಿಕ್ಕಿ ತೊಳೆದ. ಬಟ್ಟೆಯಲ್ಲಿ ಒರೆಸಿದ. ಕಬ್ಬಿಣ ಕನ್ನಡಿ ಹಾಗೆ ಹೊಳೆಯಿತು. ಟ್ರಂಕಿನೊಳಗೆ, ಅವಳ ಸೀರೆಗಳ ಕೆಳಗೆ ಇಟ್ಟ. ತಾನೇ ಮಾಡಿದ ಬೀಗ ಹಾಕಿದ. ಆ ಬೀಗಕ್ಕೆ ಒಂದೇ ಕೀಲಿ. ಅದನ್ನು ಉಡುದಾರಕ್ಕೆ ಕಟ್ಟಿಕೊಂಡ.

ರಾತ್ರಿ ಒಂದಕ್ಕೆ… ಟಕ್. ಟಕ್.

ನಾಲ್ಕು ತಿಂಗಳು ಹೀಗೇ ನಡೆಯಿತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಎಲ್ಲಾ ಹೇಳಬೇಕು.

ಈಗ ಬಾವಿ ಹತ್ತಿರಕ್ಕೆ ಬನ್ನಿ. ಗಂಟೆ ಒಂದಾಗಿತ್ತು. ಕಟ್ಟೆ ಮೇಲೆ ಬೆನ್ನು ತಿರುಗಿಸಿ ಕೂತವರು. ಬೀಗ ಹಾಕಿದ ಮನೆಯೊಳಗೆ ಎರಡು ಬಡಿತ.

ಬೀಗದಣ್ಣ ಚೀಲವನ್ನು ಎದೆಗೆ ಅವುಚಿಕೊಂಡ. ಕೂತಿರುವುದು ಅವಳೇ ಅಂದುಕೊಂಡ. ಆಗ ಕಟ್ಟೆ ಮೇಲಿನವನು ಆ ಸದ್ದಿಗೆ ಬೆಚ್ಚಿ ತಲೆ ಎತ್ತಿದ. ಮನೆ ಕಡೆ ತಿರುಗಿ ನೋಡಿದ.

ಆಗ ಇವನಿಗೆ ಗೊತ್ತಾಯಿತು. ದೆವ್ವ ಬೆಚ್ಚುವುದಿಲ್ಲ. ಅವನು ಮನುಷ್ಯ.

ಕತ್ತಲಲ್ಲೇ ಗೋಡೆಗೆ ಒರಗಿ ನಿಂತ. ಆ ಮನುಷ್ಯ ಸ್ವಲ್ಪ ಹೊತ್ತು ಕಿವಿಗೊಟ್ಟ. ಮತ್ತೆ ಸದ್ದಿಲ್ಲ. ಎದ್ದ. ಜಾಲರಿ ಕಿರ್ರ್… ಅಂದಿತು. ಮೆಲ್ಲಗೆ ನಡೆದ. ಸ್‌ರ್… ತಪ್. ಸ್‌ರ್… ತಪ್. ಒಂದು ಕಾಲು ಎಳೆಯುತ್ತಿದ್ದ.

ಎತ್ತರ. ಕಪ್ಪು ಅಂಗಿ. ಎಡಗಾಲು ಎಳೆದುಕೊಂಡು ನಡೀತಾನೆ. ಟೀಚರಮ್ಮನ ಹಿತ್ತಲ ಕಡೆ ಹೋಗ್ತಿದಾನೆ.

ಅಂದುಕೊಂಡದ್ದು ತಾನೋ, ಕಿವಿಯಲ್ಲಿ ಯಾರಾದರೂ ಹೇಳಿದರೋ, ಅದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಚಪ್ಪಲಿ ಬಿಟ್ಟ. ಬರಿಗಾಲಲ್ಲಿ ಮನೆ ಬಾಗಿಲಿಗೆ ಬಂದ. ಬೀಗದವನ ಮನೆ ಬೀಗ, ಎಣ್ಣೆ ಹಾಕಿದ್ದು. ಸದ್ದಿಲ್ಲದೆ ತೆರೆಯಿತು. ದೀಪ ಹಾಕಲಿಲ್ಲ. ಅಡುಗೆಮನೆಗೆ ಹೋದ. ಸೌಟು ಹುಡುಕಲಿಲ್ಲ. ಕೈಯಲ್ಲಿದ್ದ ಬೀಗದಿಂದಲೇ ಟೈಲರನ ಗೋಡೆಗೆ ಬಡಿದ. ಠಕ್. ಠಕ್. ಟೀಚರಮ್ಮನ ಗೋಡೆಗೆ ಬಡಿದ. ಠಕ್. ಠಕ್.

ಕೈ ಮೂರನೇದಕ್ಕೆ ತಾನಾಗಿ ಎದ್ದಿತು. ಐದು ತಿಂಗಳ ಅಭ್ಯಾಸ. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡ. ಹಾಗೇ ನಿಂತ. ಕಾದ.

ಯಾರಾದರೂ ಬರುತ್ತಾರಾ… ಬರುವುದಿಲ್ಲವಾ…

ಟೈಲರನ ಚಿಲಕ ಸರಿಯಿತು. ಗೋಡೆಯಾಚೆಯಿಂದ ಪಿಸುಮಾತು.

"ಬೀಗದಣ್ಣ?"

"ಎರಡು. ಎರಡೇ. ಮುಂದಕ್ಕೆ ಕಳಿಸು."

ಟಕ್ ಟಕ್, ಟಕ್ ಟಕ್, ಅಂತ ಬಡಿತ ಮನೆಯಿಂದ ಮನೆಗೆ ದೂರ ಹೋಯಿತು. ಆಗಲೇ ಈ ಕಡೆಯಿಂದ ಗಂಟೆ ಎದ್ದಿತು. ಠಣ್ ಠಣ್ ಠಣ್ ಠಣ್. ಏಳು ತಿಂಗಳಿಂದ ಬಾಯಿ ಬಿಡದ ಗಂಟೆ. ಹೆಂಚಿನ ಮೇಲೆ ಕೈ ಇಟ್ಟಿದ್ದವನು ಹಿತ್ತಲ ಗೋಡೆ ಹಾರಿ ಓಡಿದ. ಕಂಡಕ್ಟರ್ ಮಾವ ಠಾಣೆಗೆ ಫೋನ್ ಮಾಡಿ ಬೀಗದಣ್ಣನ ಕೈಗೆ ಕೊಟ್ಟರು. ಇವನು ನಾಲ್ಕು ವಿಷಯ ಹೇಳಿದ. ಕಾಲೆಳೆಯುವವನು ಎಷ್ಟು ದೂರ ಓಡುತ್ತಾನೆ. ಎರಡು ಬೀದಿ ಆಚೆ ಪೊಲೀಸ್ ಜೀಪಿಗೆ ಸಿಕ್ಕಿಬಿದ್ದ.

ರಾತ್ರಿ ಎರಡು ಗಂಟೆಗೆ ಬೀದಿಯೆಲ್ಲ ಟೀಚರಮ್ಮನ ಜಗಲಿಯಲ್ಲಿ ಕೂತಿತ್ತು. ಯಾರೋ ಚಹಾ ಮಾಡಿದರು. ಟೈಲರ್ ಇವನ ಬೆನ್ನು ತಟ್ಟಿದ.

"ಇವತ್ತು ನಿಜವಾಗ್ಲೂ ಪ್ಯಾಂಟ್ ಹಾಕ್ಕೊಂಡೇ ಮಲಗಿದ್ದೆ ಕಣಣ್ಣ. ಪಾಪ, ಪೊಲೀಸಕ್ಕ ಇರಬೇಕಿತ್ತು. ಅವತ್ತೊಂದು ದಿನ ಕಣ್ತಪ್ಪಿತು ಅವರಿಗೆ."

ಬೀಗದಣ್ಣ ಲೋಟ ಕೆಳಗಿಟ್ಟ.

"ತಪ್ಪಲಿಲ್ಲ," ಅಂದ.

"ಏನು?"

"ಅವಳ ಕಣ್ಣು ತಪ್ಪಲಿಲ್ಲ. ಅವಳು ನೋಡಿದ್ಲು. ಎರಡು ಬಡೀರಿ ಅಂತ ಸೌಟು ನನ್ನ ಕೈಗೆ ಕೊಟ್ಲು. ಮೂರನೇದು ನಾನು ಬಡಿದೆ."

ಟೈಲರ್ ಬೆನ್ನ ಮೇಲಿದ್ದ ಕೈ ತೆಗೆದ.

"ನೀವು ನಗ್ತೀರಿ ಅಂತ ಬಡಿದೆ," ಅಂದ ಬೀಗದಣ್ಣ. "ಅವಳು ನನಗೋಸ್ಕರ ಕಾಣಲಿಲ್ಲ ಅಂದ್ಲು. ಹಾಗೇ ಅನ್ನಿಸ್ಕೊಂಡು ಹೋದ್ಲು. ಟೀಚರಮ್ಮ, ನಿಮ್ಮ ಸೊಂಟ ಮುರಿದದ್ದು ನಾನು."

ಟೀಚರಮ್ಮ ಗಂಟೆಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ಅದರ ಹಿಡಿಯನ್ನೇ ಸವರಿದರು.

"ಎರಡಾದ ಮೇಲೆ ನಿಂತಿತು," ಅಂದರು. "ಆಮೇಲೆ ಇನ್ನೊಂದು ಬಂತು. ಅದು ಅವಳ ಬಡಿತ ಅಲ್ಲ ಅಂತ ನನಗೆ ಅವತ್ತೇ ಅನ್ನಿಸ್ತು. ಅವಳು ನಿಲ್ಲಿಸಿ ಬಡಿಯೋಳಲ್ಲ. ನಾನೂ ಎದ್ದು ಕೇಳಬಹುದಿತ್ತು. ನಿದ್ದೆ ಬರ್ತಿತ್ತು. ಗಂಟೆ ಹೊಡೆದು ಮಲಗಿದೆ."

ಗಂಟೆಯನ್ನು ಪಕ್ಕಕ್ಕಿಟ್ಟು ಅಂದರು. "ಎರಡು ತಿಂಗಳು ನನ್ನ ತಲೆ ಬಾಚಿದ್ಲು. ಒಂದು ಮಾತು ಬಾಯಿ ಬಿಡಲಿಲ್ಲ ನೋಡು."

ಟೈಲರ್ ಮುಖ ಒರೆಸಿಕೊಂಡ. ಮಾತು ಬೇರೆ ಕಡೆ ತಿರುಗಿಸೋಕೋ ಏನೋ, ಕೇಳಿದ.

"ಅಣ್ಣ, ಒಂದು ಹೇಳು. ನೀನು ಎರಡು ಸಾರಿ ಯಾಕೆ ಬಡಿದೆ?"

"ಒಂದೇ ಸಾರಿ."

"ಇಲ್ಲಪ್ಪ. ಮೊದಲು ಮೆಲ್ಲಗೆ ಎರಡು ಬಂತು. ಅದಕ್ಕೇ ಎದ್ದೆ. ಟಾರ್ಚು ಹುಡುಕ್ತಾ ಇದ್ದೆ. ಆಮೇಲೆ ಜೋರಾಗಿ ಎರಡು ಬಂತು. ಮೊದಲು ಬಂದಾಗ ನಿನಗೆ ಕೆಮ್ಮು ಬೇರೆ ಇತ್ತು."

ಬೀಗದಣ್ಣ ಎದ್ದು ಮನೆಗೆ ಹೋದ. ಟೈಲರನೂ ಟಾರ್ಚು ಹಿಡಿದು ಹಿಂದೆ ಹೋದ. ಟ್ರಂಕಿನ ಬೀಗ ಹಾಕಿದ ಹಾಗೇ ಇತ್ತು. ಉಡುದಾರದ ಕೀಲಿ ಬಿಚ್ಚಿ ತೆಗೆದ. ಸೀರೆಗಳ ಮಡಿಕೆ ಕೆಟ್ಟಿರಲಿಲ್ಲ. ಕೆಳಗೆ ಸೌಟು ಇತ್ತು. ಇಟ್ಟ ಕಡೆಯೇ ಇತ್ತು.

ಆ ರಾತ್ರಿಯ ನಂತರ ಬಡಿತ ನಿಂತುಹೋಯಿತು. ಅವನು ಒಂದು ಗಂಟೆ ತನಕ ದಿನಾ ಎದ್ದು ಕೂರುತ್ತಾನೆ. ಸೌಟನ್ನು ಮತ್ತೆ ಅದೇ ಮೊಳೆಗೆ ಹಾಕಿದ್ದಾನೆ. ಬರಲಿ ಅಂತ. ಬರುವುದಿಲ್ಲ. ಮೊದಲು ಸದ್ದಿಗೆ ಹೆದರುತ್ತಿದ್ದೆ, ಈಗ ಸದ್ದಿಲ್ಲದ್ದಕ್ಕೆ ಅಂತಾನೆ. ಹೆಂಡತಿ ಹೋದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ಆ ಸೌಟು ಕೈಯಲ್ಲಿ ಹಿಡಿದು ನೋಡಿದ್ದೇನೆ. ಅವನು ಅದನ್ನು ಯಾರಿಗೂ ತೊಳೆಯೋಕೆ ಬಿಡುವುದಿಲ್ಲ. ಇಡೀ ಮನೆಯ ಗೋಡೆ ಹಸಿರು. ಆ ಸೌಟಿನ ತುದಿಯಲ್ಲಿ, ಎಡಗೈಯವರು ಹಿಡಿದರೆ ಗೋಡೆಗೆ ತಾಗುವ ಮೂಲೆಯಲ್ಲಿ, ಬಿಳೀ ಸುಣ್ಣ ಇದೆ.